ಒತ್ತಕ್ಷರಕ್ಕೆ ಬಂದ ದಡಿ

‘ಬನಹಟ್ಟಿ’ ಎಂದು ಬರೆದು ಆ ಅಕ್ಷರಗಳಿಗೇ ಬನಹಟ್ಟಿಯ ಸೀರೆ ಉಡಿಸಬೇಕಿತ್ತು. ಜಮಖಂಡಿಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಈ ಕೆಲಸ ನಡೆದಾಗ ಪಕ್ಕದಲ್ಲಿ ಕೂತು ಕಣ್ತುಂಬ ನೋಡಿದೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಕೋರಲ್ ಡ್ರಾ ತೆರೆದಿತ್ತು. ಒಂದು ಕಡೆ ದಪ್ಪಕ್ಷರದಲ್ಲಿ ಊರ ಹೆಸರು, ಇನ್ನೊಂದು ಕಡೆ ಹಸಿರು ಒಡಲು, ಕೆಂಪು ದಡಿಯ ಸೀರೆಯ ಫೋಟೊ. “ಪವರ್‌ಕ್ಲಿಪ್ ಮಾಡೋದೈತ್ರಿ” ಅಂದ ಅಂಗಡಿಯ ಹುಡುಗ. ಒಂದು ಆಕಾರದೊಳಗೆ ಚಿತ್ರ ತುಂಬುವ ಕೆಲಸವದು. ಇಲಸ್ಟ್ರೇಟರ್ ಬಳಸುವವರ ಬಾಯಲ್ಲಿ ಇದೇ ಕ್ಲಿಪ್ಪಿಂಗ್ ಮಾಸ್ಕ್.

ಕಣ್ಣಿಗೆ ಬನಹಟ್ಟಿ ನಾಲ್ಕೇ ಅಕ್ಷರ. ಯೂನಿಕೋಡ್‌ಗೆ ಮುಂಚಿನ ಬಗೆಯ ನುಡಿ ಫಾಂಟಿನಲ್ಲಿ ಅದು 7 ತುಂಡು: ನಕಾರ, ಹಕಾರಗಳ ತಲೆಕಟ್ಟು ಬೇರೆ, ಟಕಾರದ ಒತ್ತು ಬೇರೆ. ಅವನ್ನು ಗೆರೆಗಳಾಗಿ ಮಾರ್ಪಡಿಸಿ ಕಂಬೈನ್ ಮಾಡಿದರೆ, ತುಂಡಿನ ಮೇಲೆ ತುಂಡು ಹಾಯ್ದಲ್ಲಿ ತೂತು ಬೀಳುತ್ತದೆ. ಹುಡುಗ ವೆಲ್ಡ್ ಮಾಡಿದ. ಏಳೂ ಬೆಸೆದು ಒಂದೇ ಮೈಯಾದವು.

ಆಮೇಲೆ ಸೀರೆ ಆಯ್ದು ಆಜ್ಞೆ ಕೊಟ್ಟ. ದಪ್ಪ ಕರಿ ಬಾಣವೊಂದು ಬಂದು, ಯಾವುದರೊಳಗೆ ಎಂದು ಕೇಳುವಂತೆ ನಿಂತಿತು. ಅಕ್ಷರದ ಮೇಲೆ ಒತ್ತಿದ್ದೇ ತಡ, ಸೀರೆ ಹೆಸರಿನೊಳಗೆ ಇಳಿಯಿತು. ಆದರೆ ದಡಿ ಅಕ್ಷರಗಳ ನಡುವಿಗೆ ಅಡ್ಡ ಬಿದ್ದಿತ್ತು.

ಅದನ್ನು ಅಲ್ಲಿಗೇ ಬಿಟ್ಟು ಬೇರೆ ಊರ ಹೆಸರುಗಳನ್ನೂ ಹೀಗೇ ತುಂಬಿ ನೋಡಿದೆವು. ಎಲ್ಲ ಚಿತ್ರಕ್ಕೂ ಅಕ್ಷರದ ಮನೆ ಒಗ್ಗುವುದಿಲ್ಲ. ಬೀಳಗಿಯ ಹೆಸರಿಗೆ ಕೃಷ್ಣೆಯ ಹಿನ್ನೀರು ತುಂಬಿದಾಗ ಸೊಗಸಾಗಿತ್ತು. ಎಲ್ಲಿ ಮರೆಯಾದರೂ ಉಳಿದದ್ದು ನೀರೇ. ಮುಧೋಳದ ಹೆಸರಿಗೆ ಅಲ್ಲಿನ ಬೇಟೆನಾಯಿಯನ್ನು ತುಂಬಿದರೆ ನೀಳಗಾಲುಗಳು ಅಕ್ಷರದ ಸಂದಿಯಲ್ಲಿ ಕಳೆದುಹೋದವು. 2005ರಲ್ಲಿ ಅಂಚೆಚೀಟಿ ಏರಿದ ಆ ನಾಯಿಯ ಚೆಲುವೆಲ್ಲ ಮೈಗೆರೆಯಲ್ಲಿದೆ. ಅದರ ಆಕಾರವನ್ನೇ ಚೌಕಟ್ಟು ಮಾಡಿ ಒಳಗೆ ಮುಧೋಳದ ಕಬ್ಬಿನ ಹಸಿರು ತುಂಬಿದೆವು. ನಾಯಿ ಹೊಲವನ್ನೇ ಹೊತ್ತು ಓಡಿದಂತೆ ಕಂಡಿತು.

ಹುಡುಗ ಮತ್ತೆ ಬನಹಟ್ಟಿಗೆ ಬಂದು ಎಡಿಟ್ ಒತ್ತಿದ. ಅಕ್ಷರಗಳು ಬರಿಯ ಗೆರೆಯಾಗಿ ನಿಂತವು. ಹಿಂದೆ ಇಡೀ ಸೀರೆ ಸೆರಗಿನ ತನಕ ಹರಡಿತ್ತು. ಒಂದೆಳೆಯೂ ಹೋಗಿರಲಿಲ್ಲ. ನೇಯ್ದ ಬಟ್ಟೆಗೆ ಕತ್ತರಿ ತಾಗಿದರೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲವೆಂದು ನೇಕಾರರ ಊರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಕತ್ತರಿಯೇ ಇಲ್ಲ. ಕಂಡದ್ದು ಸ್ವಲ್ಪ, ಕಾಣದ್ದೂ ಹಾಗೇ ಜೋಪಾನ. ಈ ವಿದ್ಯೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ.

ಅವನು ಸೀರೆಯನ್ನು ಮೆಲ್ಲಗೆ ಕೆಳಗೆ ಸರಿಸಿದ. ಅಕ್ಷರ ಅಲುಗಲಿಲ್ಲ, ಸೀರೆಯಷ್ಟೇ ಜಾರಿತು. ಕೆಂಪು ದಡಿ ಇಳಿಯುತ್ತ ಇಳಿಯುತ್ತ ನಾಲ್ಕೂ ಅಕ್ಷರಗಳ ಮೈ ಬಿಟ್ಟು, ಕೆಳಗೆ ತೂಗುತ್ತಿದ್ದ ಟಕಾರದ ಒತ್ತಿಗೆ ಬಂದು ಕೂತಿತು. ಮೇಲೆಲ್ಲ ಹಸಿರು, ಒತ್ತು ಮಾತ್ರ ಕೆಂಪು.

“ಈಗ ಉಟ್ಟಂಗಾತು ನೋಡ್ರಿ” ಅಂದ.