ಸುಡುವ ಚಹಾದ ರೂಢಿ

ದಾವಣಗೆರೆಯ ಸರಸ್ವತಿ ನಗರದಲ್ಲಾಗಲಿ, ಹರಿಹರದ ಬಸ್ ನಿಲ್ದಾಣದಲ್ಲಾಗಲಿ ಟೀ ಅಂಗಡಿಯ ಮುಂದೆ ನಿಂತರೆ ‘ಅಣ್ಣಾ, ಬಿಸಿ ಬಿಸಿ ಕೊಡು’ ಎನ್ನುವವರೇ ಹೆಚ್ಚು. ಕುದಿಯುವ ಪಾತ್ರೆಯಿಂದ ಪೇಪರ್ ಲೋಟಕ್ಕೆ ಬಿದ್ದ ಚಹಾ ನಾಲ್ಕು ಗುಟುಕಿಗೆ ಖಾಲಿ. ತುಸು ಆರಿದ್ದರೆ ವಾಪಸ್. ಬಿಸಿಯನ್ನೇ ರುಚಿಯ ಅಳತೆಗೋಲು ಮಾಡಿಕೊಂಡ ಈ ರೂಢಿಯನ್ನು ನಾವು ಬಿಡಬೇಕು.

ತಪ್ಪು ಚಹಾದ್ದಲ್ಲ, ಬಿಸಿಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ 65 ಡಿಗ್ರಿ ಸೆಲ್ಸಿಯಸ್ ದಾಟಿದ ಪಾನೀಯಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿತು. ಕಾಫಿಯ ಮೇಲೆ 1991ರಿಂದ ಇದ್ದ ಶಂಕೆಯನ್ನು ಮಾತ್ರ ಸಾಕ್ಷ್ಯ ಸಾಲದೆಂದು ಕೈಬಿಟ್ಟಿತು. ಇರಾನಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 60 ಡಿಗ್ರಿ ಅಥವಾ ಅದಕ್ಕೂ ಬಿಸಿಯಾದ ಚಹಾವನ್ನು ದಿನಕ್ಕೆ 700 ಮಿಲಿಲೀಟರಿಗಿಂತ ಹೆಚ್ಚು ಕುಡಿಯುವವರಲ್ಲಿ ಅನ್ನನಾಳದ ಕ್ಯಾನ್ಸರಿನ ಅಪಾಯ, ಕಡಿಮೆ ಬಿಸಿಯ ಚಹಾವನ್ನು ಕಡಿಮೆ ಕುಡಿಯುವವರಿಗಿಂತ ಶೇಕಡಾ 90ರಷ್ಟು ಹೆಚ್ಚಿತ್ತು.

ನಮ್ಮೂರಿನ ಚಟಗಳಿಗೆ ಇನ್ನೂ ಹತ್ತಿರದ್ದು 2018ರ ಚೀನಾದ ಅಧ್ಯಯನ. ಸುಡುವ ಚಹಾದ ಜೊತೆ ದಿನವೂ ಮದ್ಯ ಸೇವಿಸುವವರಲ್ಲಿ ಈ ಕ್ಯಾನ್ಸರಿನ ಅಪಾಯ ಸುಮಾರು ಐದು ಪಟ್ಟು, ಮದ್ಯದ ಬದಲು ಧೂಮಪಾನವಿದ್ದರೆ ಸುಮಾರು ಎರಡು ಪಟ್ಟು. ಎರಡೂ ಚಟ ಇಲ್ಲದವರಲ್ಲಿ ಬಿಸಿ ಚಹಾವೊಂದರಿಂದಲೇ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಬಿಸಿಗೆ ಮತ್ತೆ ಮತ್ತೆ ಬೆಂದ ಅನ್ನನಾಳದ ಒಳಪದರಕ್ಕೆ ಹೊಗೆಯ ವಿಷ, ಮದ್ಯದ ವಿಷ ಸುಲಭವಾಗಿ ನಾಟುತ್ತದೆ ಎಂದು ವೈದ್ಯರು ಊಹಿಸುತ್ತಾರೆ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬೀಡಿ ಹಿಡಿದು ನಿಲ್ಲುವ ಹಮಾಲರನ್ನೂ ಆಟೋ ಚಾಲಕರನ್ನೂ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಿಂದಿನವರ ಕ್ರಮ ಇದಕ್ಕಿಂತ ಮೇಲಾಗಿತ್ತು. ನಮ್ಮ ಕಡೆಯ ಹಿರಿಯರು ಚಹಾವನ್ನು ಬಸಿಗೆ ಸುರಿದುಕೊಂಡು, ಊದಿ, ಸೊರ್ರೆಂದು ಹೀರುತ್ತಿದ್ದರು. ಹರಡಿದ ಚಹಾ ಬೇಗ ಆರುತ್ತಿತ್ತು. ಅದನ್ನು ಹಳ್ಳಿಗಾಡಿನ ನಡವಳಿಕೆಯೆಂದು ನಾವೇ ಬಿಡಿಸಿದೆವು. ಸ್ಟೀಲ್ ಲೋಟವೂ ಒಳ್ಳೆಯದೇ ಇತ್ತು: ಮೊದಲು ಬೆರಳು ಸುಡುತ್ತದೆ, ಆಮೇಲೆ ತುಟಿ ಹಿಂಜರಿಯುತ್ತದೆ. ಪೇಪರ್ ಲೋಟ ಆ ಎಚ್ಚರಿಕೆಯನ್ನು ಅಷ್ಟಾಗಿ ಕೊಡುವುದಿಲ್ಲ. ಅದರ ಒಳಮೈಗೆ ಪ್ಲಾಸ್ಟಿಕ್ ಲೇಪ ಬೇರೆ; 85–90 ಡಿಗ್ರಿಯ 100 ಮಿಲಿಲೀಟರ್ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆಂದು ಖರಗ್‌ಪುರ ಐಐಟಿ 2020ರಲ್ಲಿ ತೋರಿಸಿತು. ಹೀಗಾಗಿ ಪೇಪರ್ ಲೋಟದಲ್ಲೇ ಆರಿಸಿಕೊಳ್ಳುವುದೂ ಸರಿಯಲ್ಲ. ಮೇಲಾಗಿ ನಾವು ಹಾಲನ್ನು ಚಹಾ ಸೊಪ್ಪಿನ ಜೊತೆಗೇ ಕುದಿಸುತ್ತೇವೆ. ತಣ್ಣನೆ ಹಾಲು ಬೆರೆಸಿ ಬಿಸಿ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಬಿಸಿ ತಿಂಡಿಗಳ ಪೈಕಿ ಬೆಣ್ಣೆ ದೋಸೆಯ ಬಗ್ಗೆ ನನಗೆ ಅಷ್ಟು ಆತಂಕವಿಲ್ಲ. ಕೈಯಿಂದ ಮುರಿದು ತಿನ್ನುವಾಗ ಬೆರಳೇ ಬಿಸಿಯನ್ನು ಅಳೆಯುತ್ತದೆ, ತೆಳ್ಳಗಿನ ಅಂಚು ಬೇಗ ಆರುತ್ತದೆ. ಮಂಡಕ್ಕಿ ಜೊತೆಗಿನ ಮಿರ್ಚಿಯದು ಬೇರೆ ಕತೆ. ಹೊರಗಿನ ಹಿಟ್ಟು ಆರಿದಂತೆ ಕಂಡರೂ ಒಳಗಿನ ಮೆಣಸಿನಕಾಯಿ ಹಬೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಚ್ಚಿದ ಕೂಡಲೇ ಅಂಗುಳ ಸುಡುತ್ತದೆ. ಅದನ್ನು ಮುರಿದಿಟ್ಟು ತಿನ್ನಿ, ಮಕ್ಕಳಿಗಂತೂ ಮುರಿಯದೆ ಕೊಡಬೇಡಿ.

ಅಂಗಡಿಯವರು ಗಾಜಿನ ಅಥವಾ ಸ್ಟೀಲಿನ ಲೋಟ, ಕೇಳಿದವರಿಗೆ ಬಸಿ ಕೊಡಲಿ. ಕುಡಿಯುವವರು ನಾಲ್ಕೈದು ನಿಮಿಷ ಕಾಯಲಿ. ಅನ್ನ, ರೊಟ್ಟಿ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತೆ ಪದೇ ಪದೇ ಅನ್ನಿಸುತ್ತಿದ್ದರೆ ಸೋಡಾ ಕುಡಿದು ಸುಮ್ಮನಾಗಬೇಡಿ, ತಡಮಾಡದೆ ವೈದ್ಯರಿಗೆ ತೋರಿಸಿ.