ಕೋಕಸನ ಒಂದು ವಾರ, ನಮ್ಮ 18 ವರ್ಷ

ಎಲ್ಲೋರದ ಕೈಲಾಸನಾಥ ಗುಡಿಯ ಐತಿಹ್ಯವನ್ನು ಹೇಳಿದರೆ 'ಅಜ್ಜಿಕಥೆ ಬಿಡಿ' ಎನ್ನುವವರಿದ್ದಾರೆ. ಇದನ್ನು ಮನುಷ್ಯಮಾತ್ರದವರು ಮಾಡಿರಲು ಸಾಧ್ಯವೇ ಇಲ್ಲ, ಯಾವುದೋ ಯಂತ್ರವೋ ಅನ್ಯಲೋಕದವರೋ ಬಂದಿರಬೇಕು ಎನ್ನುವವರೂ ಇದ್ದಾರೆ. ತಮಾಷೆಯೆಂದರೆ ಎಷ್ಟೋ ಸಲ ಇಬ್ಬರೂ ಒಬ್ಬರೇ. ನನ್ನ ಕೇಳಿದರೆ ಇವರಿಗಿಂತ ಆ ಅಜ್ಜಿಕಥೆಗೇ ಗುಡಿಯ ವಿಷಯ ಚೆನ್ನಾಗಿ ಗೊತ್ತು.

ಮರಾಠಿಯ 'ಕಥಾಕಲ್ಪತರು'ವಿನಲ್ಲಿ ಬರುವ ಕಥೆ ಇದು. ರಾಜನಿಗೆ ಕಾಯಿಲೆ. ಗಂಡ ಗುಣವಾದರೆ ಶಿವನಿಗೆ ಗುಡಿ ಕಟ್ಟಿಸುತ್ತೇನೆ, ಅದರ ಶಿಖರ ನೋಡುವ ತನಕ ಅನ್ನ ಮುಟ್ಟುವುದಿಲ್ಲ ಎಂದು ರಾಣಿ ಮಾಣಿಕಾವತಿ ಹರಕೆ ಹೊತ್ತಳು. ರಾಜ ಗುಣವಾದ. ಶಿಲ್ಪಿಗಳು ಕೈಚೆಲ್ಲಿದರು: ತಳಪಾಯದಿಂದ ಎದ್ದು ಶಿಖರ ಮುಟ್ಟುವಷ್ಟರಲ್ಲಿ ರಾಣಿ ಉಳಿಯಬೇಕಲ್ಲ! ಆಗ ಪೈಠಣದ ಕೋಕಸ ಮುಂದೆ ಬಂದು, ಗುಡ್ಡದ ನೆತ್ತಿಯಲ್ಲಿ ಉಳಿ ಇಟ್ಟು, ವಾರದೊಳಗೆ ಶಿಖರ ತೋರಿಸಿದ.

ವಾರದ ಮಾತು ಉತ್ಪ್ರೇಕ್ಷೆ, ಇರಲಿ. ಕಥೆಯ ಗಂಟು ಎಲ್ಲಿದೆ ನೋಡಿ. ಕಟ್ಟುವ ಗುಡಿಗೆ ಶಿಖರ ಕೊನೆಗೆ. ಕೊರೆಯುವ ಗುಡಿಗೆ ಶಿಖರವೇ ಮೊದಲು. ಕೈಲಾಸದಲ್ಲಿ ನಡೆದದ್ದೂ ಅದೇ. ಗುಡ್ಡದ ಕಪ್ಪುಶಿಲೆಯಲ್ಲಿ ಮೂರು ಕಡೆ ಆಳವಾದ ಕಂದಕ ತೋಡಿ, ನಡುವೆ ಉಳಿದ ಬಂಡೆಯನ್ನು ಮೇಲಿನಿಂದ ಕಂಡರಿಸುತ್ತ ಇಳಿದರು. ನಿಂತು ಕೆಲಸ ಮಾಡಲು ಕೆಳಗಿನ ಬಂಡೆಯೇ ನೆಲ. ಗುಡಿಯಷ್ಟೆತ್ತರ ಅಟ್ಟಣೆ ಕಟ್ಟುವ ಗೋಜಿಲ್ಲ. ಕಲ್ಲುಕೆಲಸದ ಈ ಗುಟ್ಟನ್ನು ರಾಣಿಯ ಉಪವಾಸದೊಳಗೆ ಕಟ್ಟಿಟ್ಟವನು ಬರೀ ಪವಾಡಪ್ರಿಯನಲ್ಲ.

ಇನ್ನು 'ಅಸಾಧ್ಯ'ದ ಲೆಕ್ಕ. 4 ಲಕ್ಷ ಟನ್ ಕಲ್ಲು, 18 ವರ್ಷ, ದಿನಕ್ಕೆ 12 ತಾಸು. ಅಂದರೆ ತಾಸಿಗೆ 5 ಟನ್, ಹೇಗೆ ಸಾಧ್ಯ ಎಂದು ಕೇಳುತ್ತಾರೆ. 200 ಜನರನ್ನು ಕೆಲಸಕ್ಕೆ ಹಚ್ಚಿ ಭಾಗಿಸಿದರೆ ತಲೆಗೆ ಬರುವುದು 25 ಕಿಲೋ: ಒಂದು ಬಿಂದಿಗೆ ತುಂಬದಷ್ಟು ಕಲ್ಲು. ಕಷ್ಟದ ಕೆಲಸ, ನಿಜ. ಆದರೆ ಅದಕ್ಕೆ ಆಕಾಶದಿಂದ ಯಾರೂ ಇಳಿಯಬೇಕಿಲ್ಲ. ಅದೂ 4 ಲಕ್ಷ ಎಂಬುದನ್ನು ಒಪ್ಪಿದರೆ. ಅದರ ಅರ್ಧ ಹೇಳುವವರೇ ಹೆಚ್ಚು.

ಆ 18 ವರ್ಷವಾದರೂ ಎಲ್ಲಿಂದ ಬಂತು? ಈ ಗುಡಿ ಕಟ್ಟಿಸಿದನೆನ್ನುವ ರಾಷ್ಟ್ರಕೂಟ ಅರಸ ಒಂದನೆಯ ಕೃಷ್ಣ ಆಳಿದ್ದು ಸುಮಾರು 756ರಿಂದ 773ರವರೆಗೆ. ಅರಸನ ಆಳ್ವಿಕೆಯನ್ನೇ ಕೂಲಿಯ ಲೆಕ್ಕವಾಗಿ ಹಿಡಿದಂತಿದೆ. ಅವನಿಗಿಂತ ಮೊದಲಿನ ದಂತಿದುರ್ಗನ ಶಾಸನ ಪಕ್ಕದ ದಶಾವತಾರ ಗುಹೆಯಲ್ಲೇ ಇದೆ. ಕೈಲಾಸದ ಕೆಲಸವೂ ಹಲವು ಅರಸರ ಕಾಲದಲ್ಲಿ ಹಂತಹಂತವಾಗಿ ನಡೆಯಿತು ಎಂದು ಕಲಾ ಇತಿಹಾಸಕಾರ ಹರ್ಮನ್ ಗೋಟ್ಸ್ ದಶಕಗಳ ಹಿಂದೆಯೇ ವಾದಿಸಿದ್ದರು. ಅವರ ಹಂತಗಳನ್ನೆಲ್ಲ ಒಪ್ಪಬೇಕಿಲ್ಲ. ಆದರೆ ಸುತ್ತಲಿನ ಮೊಗಸಾಲೆಯನ್ನು, ಲಂಕೇಶ್ವರ ಗುಹೆಯನ್ನು ನೋಡಿದವರಿಗೆ ಎಲ್ಲವೂ ಒಂದೇ ಉಸಿರಿನ ಕೆಲಸವೆಂದು ಅನ್ನಿಸುವುದು ಕಷ್ಟ.

ಕನ್ನಡಿಗರಾದ ನಾವು 'ನಮ್ಮ ಕೃಷ್ಣ ಕಟ್ಟಿಸಿದ' ಎಂದು ಎದೆಯುಬ್ಬಿಸುವಾಗಲೂ ಇದೇ ಎಡವಟ್ಟು. ಬೆರಗು ಅರಸನ ಹೆಸರಿಗೆ ಬಂದು ನಿಂತುಬಿಡುತ್ತದೆ. ಇದೇ ಗುಡಿಯನ್ನು ಬಣ್ಣಿಸುವ 9ನೇ ಶತಮಾನದ ಆರಂಭದ ಬರೋಡ ತಾಮ್ರಪಟ ಹಾಗೆ ನಿಲ್ಲುವುದಿಲ್ಲ. ವಿಮಾನದಲ್ಲಿ ಹೋಗುವ ದೇವತೆಗಳು ಇದು ತಾನಾಗಿ ಮೂಡಿದ್ದೆಂದು ಬೆರಗಾದರಂತೆ. ಅಷ್ಟಕ್ಕೆ ಮುಗಿಸಿದ್ದರೆ ಅದೂ ಅನ್ಯಲೋಕದವರ ಕಥೆ ಹೇಳುವ ಈಗಿನ ವಿಡಿಯೋಗಳ ಸಾಲಿಗೇ ಸೇರುತ್ತಿತ್ತು. ಆದರೆ ಕವಿ ಮುಂದುವರಿದು, ಇದನ್ನು ಹೇಗೆ ಮಾಡಿದೆನೋ ಎಂದು ಶಿಲ್ಪಿಯೇ ಅಚ್ಚರಿಪಟ್ಟನೆನ್ನುತ್ತಾನೆ. ಅರಸನನ್ನು ಹೊಗಳುವ ಪಟದಲ್ಲೂ ಕೆಲಸಗಾರನಿಗೆ ಬಾಯಿ ಕೊಟ್ಟಿದ್ದಾನೆ.

ಆದರೆ ಆ ಶಿಲ್ಪಿಯ ಹೆಸರಿಲ್ಲ. ಕೈಲಾಸಕ್ಕೆ ಮಾದರಿಯೆಂದು ಹಲವರು ತೋರಿಸುವ ಪಟ್ಟದಕಲ್ಲಿನ ವಿರೂಪಾಕ್ಷದಲ್ಲಿ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂದು ಹೆಸರು ಕೆತ್ತಿದ್ದಾರೆ. ಅಲ್ಲಿ ಯಾರೂ ಅನ್ಯಲೋಕದವರನ್ನು ಹುಡುಕುವುದಿಲ್ಲ. ಎಲ್ಲೋರದಲ್ಲಿ ಆ ಜಾಗ ಖಾಲಿ. ಐತಿಹ್ಯ ಅಲ್ಲಿ ಒಬ್ಬ ಕೋಕಸನನ್ನು, ಅವನ ಊರು ಪೈಠಣವನ್ನು ತಂದು ಕೂರಿಸಿದೆ. ಕೋಕಸ ಇದ್ದನೋ ಇಲ್ಲವೋ, ಕಥೆ ಹುಡುಕಿಕೊಂಡು ಹೋದದ್ದು ಉಳಿ ಹಿಡಿದವನನ್ನು.