ಹೂರಣಕ್ಕಿಂತ ಮೊದಲು ಅಂಚು ನೋಡಿ

ಹೋಳಿಗೆಯ ಸೀಮೆಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಳಗೆ ಏನು ತುಂಬಿದ್ದಾರೆ ಎಂದು. ವಿಜಯಪುರ ಜಿಲ್ಲೆಯ ಮುಳವಾಡ, ಕೊಲ್ಹಾರ, ಬಸವನ ಬಾಗೇವಾಡಿ ಕಡೆ ತಿಂದು ಪಳಗಿದವರು ಮೊದಲು ನೋಡುವುದು ಅಂಚನ್ನು. ಹೂರಣ ಅಂಚಿನವರೆಗೆ ಹರಿದಿದೆಯೋ, ಅಥವಾ ನಡುವೆಯೇ ಕೂತು ಸುತ್ತ ಬರೀ ಚಪಾತಿ ಉಳಿದಿದೆಯೋ? ಎರಡನೆಯದಾದರೆ ಹೂರಣ ಎಷ್ಟೇ ರುಚಿಯಾಗಿರಲಿ, ಅದು ಅರ್ಧ ಹೋಳಿಗೆ. ಹೆಸರು ಹೂರಣಕ್ಕೆ ಬರುತ್ತದೆ. ಕೈಗುಣ ಇರುವುದು ಕಣಕದಲ್ಲಿ.

ಇಂಗ್ಲೆಂಡಿನ ಹಳೆಯ ಪೈಗಳದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಹೊರಗಿನ ಹಿಟ್ಟು ದಪ್ಪ, ಬಿರುಸು; ಒಳಗಿನ ಮಾಂಸ ಕೆಡದಂತೆ ಕಾಯುವುದೇ ಅದರ ಕೆಲಸ. ಹೋಳಿಗೆಯ ಕಣಕ ಇದ್ದೂ ಇಲ್ಲದಂತಿರಬೇಕು.

ಅದಕ್ಕೆ ಗುಟ್ಟು ಒಂದೇ: ಕಣಕದ ಮೆದುತನಕ್ಕೂ ಹೂರಣದ ಮೆದುತನಕ್ಕೂ ಸಾಟಿ ಬೀಳಬೇಕು. ಕಡ್ಲಿಬ್ಯಾಳಿಯನ್ನು ಬೆರಳ ಸಂದಿಯಲ್ಲಿ ಅದುಮಿದರೆ ನುರಿಯುವಷ್ಟು ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಮತ್ತೆ ಒಲೆಗೆ ಏರಿಸುತ್ತಾರೆ. ಬೆಲ್ಲ ಕರಗಿ ನೀರಾದದ್ದು ಮತ್ತೆ ಗಟ್ಟಿಯಾಗಿ, ಸೌಟು ನೆಟ್ಟರೆ ನೆಟ್ಟಗೆ ನಿಲ್ಲುವ ಹೊತ್ತಿಗೆ ಇಳಿಸಿ, ಬಿಸಿ ಇರುವಾಗಲೇ ರುಬ್ಬಬೇಕು. ಆರಿದರೆ ಬೇಳೆ ಬಿರುಸಾಗಿ ಹೂರಣ ತರಿತರಿಯಾಗುತ್ತದೆ. ಆ ತರಿ ಲಟ್ಟಿಸುವಾಗ ಕಣಕವನ್ನು ಹರಿಯುತ್ತದೆ. ಕಣಕವನ್ನು ಸಡಿಲವಾಗಿ ನಾದಿ, ಎಣ್ಣೆ ಹಚ್ಚಿ ಗಂಟೆಗಟ್ಟಲೆ ನೆನೆಯಲು ಬಿಡುವುದೂ ಈ ಸಾಟಿಗಾಗಿಯೇ. ಹಂಚಿನ ಮೇಲೆ ಹೋಳಿಗೆ ಉಬ್ಬಿತು ಎಂದರೆ ಎಲ್ಲೂ ತೂತಿಲ್ಲ ಎಂದು ತಿಳಿಯಿರಿ. ಮಾಡಿದವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ.

ಈ ತಿಂಡಿಯ ವಂಶಾವಳಿ ಉದ್ದದ್ದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಗೋಧಿ ಹಿಟ್ಟಿನೊಳಗೆ ಬೇಳೆಯ ಹೂರಣ ತುಂಬಿ ಬೇಯಿಸುವ ಭಕ್ಷ್ಯ ಬರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದ 'ಸೂಪಶಾಸ್ತ್ರ' ಬರೆದಾಗ ಹಿಟ್ಟಿನ ತಿನಿಸುಗಳಿಗೇ ಒಂದು ಅಧ್ಯಾಯ ಮೀಸಲಿಟ್ಟ, ಅದೂ ಷಟ್ಪದಿಯಲ್ಲಿ! ಆದರೆ ವಿಜಯಪುರದವರು ತಮ್ಮದೇ ಎಂದು ಎದೆ ತಟ್ಟಿ ಹೇಳುವ ಶೇಂಗಾ ಹೋಳಿಗೆ ಈ ಇಬ್ಬರಿಗೂ ಗೊತ್ತಿರಲಾರದು. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರು ಬಂದ ನಂತರವೇ ಅದು ನಮ್ಮ ಹೊಲ ಕಂಡದ್ದು. ಹಬ್ಬದ ತಾಟಿನಲ್ಲಿ ಅಜ್ಜನ ಹಾಗೆ ಕೂತಿರುವ ಶೇಂಗಾ ಹೋಳಿಗೆ ನಿಜಕ್ಕೂ ಮೊಮ್ಮಗ.

ಯಾವ ಹೂರಣ ಯಾವಾಗ ಎಂಬುದನ್ನು ಹೊಲ ಹೇಳುತ್ತದೆ. ಶೇಂಗಾ, ಎಳ್ಳು ಮುಂಗಾರಿ ಪೀಕು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅವು ಮನೆ ಸೇರಿರುತ್ತವೆ. ಆಗ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಸಜ್ಜಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಕೂತು ಊಟ. ಕಡಲೆ ಮಾತ್ರ ಹಿಂಗಾರಿಯದು. ಕರಿಮಣ್ಣಿನ ಹಸಿಯಲ್ಲೇ ಬೆಳೆದು, ರಾಶಿಯಾಗಿ, ಹೋಳಿ ಹುಣ್ಣಿಮೆಗೆ ಬೇಳೆಯಾಗಿ ಒಳಗೆ ಬರುತ್ತದೆ. ಹೋಳಿಯ ಹೂರಣದ ಹೋಳಿಗೆಗೆ ಹೊಸ ಬೇಳೆಯ ವಾಸನೆ ಇರುತ್ತದೆ, ಮೂಗಿಟ್ಟು ನೋಡಿ. ನಾಗರಪಂಚಮಿಗೆ ಹಂಚು ಇಡಬಾರದೆನ್ನುವ ಮನೆಗಳಲ್ಲಿ ಅದೇ ಹೂರಣ ಕುದಿಸಿದ ಕಡುಬಿನೊಳಗೆ ಸೇರುತ್ತದೆ.

ಬೇಳೆಯ ಹೋಳಿಗೆ, ಶೇಂಗಾ ಹೋಳಿಗೆ ಎರಡಕ್ಕೂ ಅಳತೆಗೋಲು ಬೇರೆ. ಬೇಳೆಯದು ಮೆತ್ತಗೆ ಮಡಚಬೇಕು. ಬಿಸಿ ಇರುವಾಗಲೇ ಹಾಲು ತುಪ್ಪದೊಂದಿಗೆ, ಬೇಸಿಗೆಯಾದರೆ ಮಾವಿನ ಶೀಕರಣಿಯೊಂದಿಗೆ. ನಡುನಡುವೆ ಬಸಿದ ಕಟ್ಟಿನ ಖಾರದ ಸಾರು ಗುಟುಕರಿಸಿ, ಇಲ್ಲದಿದ್ದರೆ ಎರಡನೆಯದಕ್ಕೇ ನಾಲಿಗೆ ಸೋಲುತ್ತದೆ. ಶೇಂಗಾದ್ದು ಬೆರಳಿಗೆ ಪಟಕ್ಕನೆ ಮುರಿಯಬೇಕು. ಹುರಿದ ಕಾಳಿನ ಪುಡಿ, ಬೆಲ್ಲ, ಏಲಕ್ಕಿ ಇಷ್ಟೇ ಇರುವುದರಿಂದ, ಹಸಿ ಕಡಿಮೆಯಾದ್ದರಿಂದ, ಅದು ವಾರಗಟ್ಟಲೆ ಕೆಡುವುದಿಲ್ಲ. ಕಾಳು ಹುರಿದದ್ದು ಕಡಿಮೆಯಾದರೆ ಹಸಿ ವಾಸನೆ, ಹೆಚ್ಚಾದರೆ ಕಹಿ. ಎರಡನ್ನೂ ಏಲಕ್ಕಿ ಮುಚ್ಚಲಾರದು. ಬೆಂಗಳೂರಿನ ಹೋಳಿಗೆ ಅಂಗಡಿಗಳ ಅನಾನಸು, ಖರ್ಜೂರ, ಗಜ್ಜರಿಯ ಹೋಳಿಗೆಗಳ ಬಗ್ಗೆ ನನಗೆ ಜಗಳವಿಲ್ಲ. ಅವುಗಳ ಮೈದಾ ಕಣಕದ ಬಗ್ಗೆ ಇದೆ: ತಣ್ಣಗಾದರೆ ಜಗ್ಗುತ್ತದೆ.

ಉಣ್ಣಲು ಕರೆದವರು "ಅರ್ಧಾರ ಹಾಕ್ತೀನ್ರಿ" ಎನ್ನುತ್ತಾರೆ. ಅರ್ಧ ಎಂದರೆ ಅರ್ಧವಲ್ಲ. ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಉಳಿಸಿಕೊಳ್ಳಿ. ಕೊನೆಗೆ ಅನ್ನಕ್ಕೆ ಕೊಲ್ಹಾರದ ಗಟ್ಟಿ ಮೊಸರು ಬರುವುದಿದೆ.